ಗಾಳಿ ತಗ್ಗುವ ತನಕ ಖಾಡಿಯಲ್ಲಿ

ಪಶ್ಚಿಮ ಕರಾವಳಿಯ ದೋಣಿಗಳು ಬಂದರಿನಲ್ಲಿ ಕಾಯುವುದು ಎರಡು ಬಗೆ. ಒಂದು ಮಳೆಗಾಲದ್ದು: ಮೇ ಕೊನೆಗೆ ಲಂಗರು ಬಿಟ್ಟರೆ ಆಗಸ್ಟ್‌ವರೆಗೆ ಕದಲುವಂತಿಲ್ಲ. ಇನ್ನೊಂದು ದಾರಿ ನಡುವಿನದು: ಹೊರಟ ಮೇಲೆ ಗಾಳಿ ತಿರುಗಿತು, ಮೋಡ ಕಟ್ಟಿತು, ಹತ್ತಿರದ ಅಳಿವೆಗೆ ನುಗ್ಗಿ ಒಂದು ದಿನವೋ ಹತ್ತು ದಿನವೋ ಉಳಿಯಬೇಕಾಯಿತು. ಮೊದಲನೆಯದಕ್ಕೆ ಪಂಚಾಂಗ ಸಾಕು, ಎರಡನೆಯದಕ್ಕೆ ದೋಣಿ ನಡೆಸುವ ತಂಡೇಲನ ತಲೆ ಬೇಕು. ಎರಡಕ್ಕೂ ಬೇಕಾದ ಜಾಗ ಮಾತ್ರ ಒಂದೇ ಬಗೆಯದು. ಅಲೆ ಒಳಗೆ ಬರಬಾರದು, ತಳದಲ್ಲಿ ಲಂಗರು ಕಚ್ಚುವ ಕೆಸರಿರಬೇಕು, ಕುಡಿಯುವ ನೀರು ಮತ್ತು ಅಕ್ಕಿ ದಡದಲ್ಲೇ ಸಿಗಬೇಕು. ಇಂದು ಲೋಕಲ್ ರೈಲಿನ ನಿಲ್ದಾಣಗಳೆಂದೇ ಹೆಚ್ಚು ಪರಿಚಿತವಾದ ಥಾಣೆ, ಕಲ್ಯಾಣ್, ಡೊಂಬಿವಲಿ, ಬೇಲಾಪುರಗಳು ಅಂಥ ನೀರಿನ ದಡದ ಊರುಗಳು.

ಈ ನೀರಿನ ನಕ್ಷೆ ಸ್ವಲ್ಪ ವಿಚಿತ್ರ. ಸಹ್ಯಾದ್ರಿಯಿಂದ ಇಳಿಯುವ ಉಲ್ಹಾಸ್ ನದಿ ಕಲ್ಯಾಣ್, ಡೊಂಬಿವಲಿಗಳ ಮಗ್ಗುಲಲ್ಲಿ ಹರಿದು, ಥಾಣೆಯ ಉತ್ತರಕ್ಕೆ ಬಳಸಿ ವಸಾಯಿಯಲ್ಲಿ ಸಮುದ್ರ ಸೇರುತ್ತದೆ. ಥಾಣೆಯ ಖಾಡಿ, ಅಂದರೆ ನೆಲದೊಳಕ್ಕೆ ಚಾಚಿದ ಕಡಲ ತೋಳು, ಇದಕ್ಕೆ ಬೆನ್ನು ಮಾಡಿದಂತೆ ದಕ್ಷಿಣಕ್ಕೆ ಇಳಿದು, ಒಂದು ದಡದಲ್ಲಿ ಮುಂಬಯಿಯನ್ನೂ ಇನ್ನೊಂದು ದಡದಲ್ಲಿ ಇಂದಿನ ನವಿ ಮುಂಬಯಿಯನ್ನೂ ಇಟ್ಟುಕೊಂಡು ಸುಮಾರು 26 ಕಿಲೋಮೀಟರ್ ಸಾಗಿ ಮುಂಬಯಿ ಬಂದರಿಗೆ ತೆರೆದುಕೊಳ್ಳುತ್ತದೆ. ಕಳವಾ ಊರಿನ ಬಳಿ ಒಂದು ಕಿರಿದಾದ ಕಾಲುವೆ ಎರಡನ್ನೂ ಜೋಡಿಸುತ್ತದೆ. ಹಾಗಾಗಿ ಸಾಷ್ಟಿ, ಅಂದರೆ ಇಂದಿನ ಮುಂಬಯಿ ಉಪನಗರಗಳ ನೆಲ, ನಾಲ್ಕೂ ಕಡೆ ನೀರಿರುವ ದ್ವೀಪ. ಅದರ ನಡುವಿನ ಗುಡ್ಡಸಾಲು ನೈಋತ್ಯದ ಗಾಳಿಗೆ ಅಡ್ಡ ನಿಲ್ಲುತ್ತದೆ. ಅರಬ್ಬಿ ಸಮುದ್ರದ ಅಲೆ ಇಲ್ಲಿಗೆ ತಲುಪುವ ಹೊತ್ತಿಗೆ ಬರೀ ಉಬ್ಬರವಾಗಿರುತ್ತದೆ, ಹೊಡೆತವಾಗಿರುವುದಿಲ್ಲ. ಉಬ್ಬರವೇನೂ ಕಡಿಮೆಯದಲ್ಲ. ಮುಂಬಯಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಮೂರೂವರೆ ಮೀಟರಿಗೂ ಮಿಕ್ಕಿ ಏರಿಳಿಯುತ್ತದೆ, ಅಷ್ಟಮಿಯ ಸುಮಾರಿಗೆ ಒಂದೂವರೆ ಮೀಟರಿನ ಆಚೀಚೆ. ಮಂಗಳೂರು, ಮಲ್ಪೆಗಳ ಉಬ್ಬರ ಇದರ ಅರ್ಧವೂ ಇಲ್ಲ. ಉತ್ತರಕ್ಕೆ ಬಂದ ಕನ್ನಡ ಕರಾವಳಿಯ ದೋಣಿಗಾರರು ಮೊದಲು ಕಲಿಯಬೇಕಾಗಿದ್ದುದೇ ಈ ಲೆಕ್ಕ.

ಕಾಯುವ ಅಗತ್ಯ ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ಉತ್ತರ ಈ ಕರಾವಳಿ ನಿಂತಿರುವ ದಿಕ್ಕಿನಲ್ಲೇ ಇದೆ. ಜೂನ್‌ನಿಂದ ಗಾಳಿ ನೈಋತ್ಯ ಮತ್ತು ಪಶ್ಚಿಮದಿಂದ, ಅಂದರೆ ನೇರ ದಡದ ಕಡೆಗೆ ಬೀಸುತ್ತದೆ. ಎಂಜಿನ್ ಇಲ್ಲದ ದೋಣಿಗೆ ದಡವೇ ಶತ್ರು. ಹಾಯಿ ಹರಿದರೆ, ಚುಕ್ಕಾಣಿ ಮುರಿದರೆ ಅದು ಹೋಗಿ ಬೀಳುವುದು ಬಂಡೆಯ ಮೇಲೆಯೇ. ಅದಕ್ಕಿಂತ ದೊಡ್ಡ ತೊಡಕು ಅಳಿವೆಗಳದು. ಗಂಗೊಳ್ಳಿ, ತದಡಿ, ಮಂಗಳೂರಿನಂಥ ಕಡೆ ನದಿ ಹೊತ್ತು ತಂದ ಮರಳು ಬಾಯಲ್ಲೇ ದಿಬ್ಬವಾಗಿ ಕೂರುತ್ತದೆ. ಆಳ ಕಡಿಮೆಯಾದಲ್ಲಿ ಅಲೆ ಎತ್ತರವಾಗಿ ಒಡೆಯುತ್ತದೆ. ದೋಣಿ ಸಮುದ್ರದಲ್ಲಿ ಇಡೀ ರಾತ್ರಿ ತಡೆದುಕೊಂಡು ಬಂದು, ಊರು ಕಣ್ಣಿಗೆ ಕಾಣುವಾಗ ಅಳಿವೆಯಲ್ಲಿ ಮಗುಚುವುದು ಇದೇ ಕಾರಣಕ್ಕೆ. ಆದ್ದರಿಂದ ನಿಯಮ ಕಠಿಣವಾದದ್ದು: ಬಂದರು ಸೇರುವುದಾದರೆ ಕಡಲು ಕೆಡುವ ಮೊದಲೇ ಸೇರಬೇಕು. ಕೆಟ್ಟ ಮೇಲೆ ಹೊರಗೇ ಉಳಿಯುವುದು ಎಷ್ಟೋ ಸಲ ಒಳಗೆ ನುಗ್ಗುವುದಕ್ಕಿಂತ ಕ್ಷೇಮ.

ಕಲ್ಯಾಣ್ ಸಮುದ್ರದಿಂದ ಅಷ್ಟು ಒಳಗಿದ್ದೂ ಬಂದರಾಗಿ ಬೆಳೆದದ್ದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ನಾವಿಕ ಕೈಪಿಡಿ ‘ಪೆರಿಪ್ಲಸ್’ ಇದನ್ನು ಕಲ್ಲಿಯೆನ ಎಂದು ಹೆಸರಿಸಿ, ಹಿಂದೆ ಮುಕ್ತವಾಗಿದ್ದ ಈ ಬಂದರಿಗೆ ಆಗ ತಡೆ ಬಿದ್ದಿತ್ತೆಂದೂ, ತಪ್ಪಿ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚ್‌ಗೆ ಕಳಿಸಲಾಗುತ್ತಿತ್ತೆಂದೂ ಹೇಳುತ್ತದೆ. ಈಜಿಪ್ಟಿನ ಹಡಗುಗಳು ಜುಲೈ ಹೊತ್ತಿಗೆ ಹೊರಟು ಮಳೆಗಾಲದ ಬಾಲ ಹಿಡಿದು ಇತ್ತ ಬರುತ್ತಿದ್ದವು. ಮರಳುವ ಗಾಳಿ ಸಿಗುತ್ತಿದ್ದುದು ಚಳಿಗಾಲಕ್ಕೆ. ನಡುವಿನ ತಿಂಗಳುಗಳೆಲ್ಲ ಬಂದರಿನ ಬದುಕು. ಆರನೆಯ ಶತಮಾನದಲ್ಲಿ ಕಾಸ್ಮಸ್ ಎಂಬಾತ ಕೂಡ ಕಲ್ಯಾಣವನ್ನು ದೊಡ್ಡ ಪೇಟೆಗಳ ಸಾಲಿಗೆ ಸೇರಿಸಿದ್ದಾನೆ. ಸಾಷ್ಟಿಯ ಗುಡ್ಡದಲ್ಲಿರುವ ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ದಾನ ಕೊಟ್ಟವರಾಗಿ ಕಲ್ಯಾಣದ ವರ್ತಕರು ಮತ್ತೆ ಮತ್ತೆ ಕಾಣಿಸುತ್ತಾರೆ. ಬೌದ್ಧ ಭಿಕ್ಷುಗಳು ತಿರುಗಾಟ ನಿಲ್ಲಿಸಿ ಒಂದೆಡೆ ಕೂರುವ ವರ್ಷಾವಾಸ ಮತ್ತು ದೋಣಿಗಳು ದಡ ಸೇರುವ ಕಾಲ ಎರಡೂ ಒಂದೇ. ವ್ಯಾಪಾರವಿಲ್ಲದ ತಿಂಗಳುಗಳಲ್ಲಿ ಕೈಯಲ್ಲಿ ಹಣವೂ ಬಿಡುವೂ ಇದ್ದ ವರ್ತಕರು ಆ ಗುಹೆಗಳ ಮೆಟ್ಟಿಲು ಹತ್ತಿರಲಾರರೇ? ಶಾಸನಗಳು ಋತುವನ್ನು ಹೇಳುವುದಿಲ್ಲ. ಆದರೂ ಊಹೆಗೆ ಇಲ್ಲಿ ಜಾಗವಿದೆ.

ಬೇಡದಿದ್ದರೂ ಬಂದರಿಗೆ ಬಂದು ಬೀಳುವುದಕ್ಕೆ ಥಾಣೆಯಲ್ಲಿ ಒಂದು ಹಳೆಯ ಉದಾಹರಣೆಯಿದೆ. 1321ರಲ್ಲಿ ನಾಲ್ವರು ಫ್ರಾನ್ಸಿಸ್ಕನ್ ಪಾದ್ರಿಗಳು ಹೋರ್ಮುಜ್‌ನಿಂದ ಕೇರಳದ ಕೊಲ್ಲಂಗೆ ಹೋಗಲು ಹಡಗು ಗೊತ್ತುಮಾಡಿಕೊಂಡಿದ್ದರು. ಹಡಗು ಅವರ ಇಷ್ಟಕ್ಕೆ ವಿರುದ್ಧವಾಗಿ ಅವರನ್ನು ಥಾಣೆಗೆ ತಂದಿತು ಎಂದು, ಸ್ವಲ್ಪವೇ ಕಾಲದ ನಂತರ ಇಲ್ಲಿಗೆ ಬಂದ ಪ್ರವಾಸಿ ಓಡೋರಿಕ್ ಬರೆದಿದ್ದಾನೆ. ಊರಿನಲ್ಲಿ ಹದಿನೈದು ನೆಸ್ಟೋರಿಯನ್ ಕ್ರೈಸ್ತ ಮನೆಗಳಿದ್ದವು. ಪಾದ್ರಿಗಳು ಅಲ್ಲಿ ಉಳಿದುಕೊಂಡರು. ಧರ್ಮದ ವಾಗ್ವಾದವೊಂದರಲ್ಲಿ ಸಿಕ್ಕಿಬಿದ್ದು ಆ ಏಪ್ರಿಲ್‌ನಲ್ಲೇ ಕೊಲೆಯಾದರು. ಗುರುತು ಪರಿಚಯವಿಲ್ಲದ ಊರಿನಲ್ಲಿ ಉಳಿಯಬೇಕಾಗುವುದೇ ಹಾಯಿ ಪ್ರಯಾಣದ ಇನ್ನೊಂದು ಅಪಾಯ. ಕಡಲಿನ ಕಥೆಗಳಲ್ಲಿ ಇದರ ಲೆಕ್ಕ ಸಿಗುವುದು ಅಪರೂಪ.

ಕಲ್ಯಾಣಕ್ಕೂ ಕನ್ನಡ ಕರಾವಳಿಗೂ ನೇರ ಗಂಟು ಬೀಳುವುದು ಹದಿನೇಳನೆಯ ಶತಮಾನದಲ್ಲಿ. ಶಿವಾಜಿ 1657ರ ಅಕ್ಟೋಬರ್‌ನಲ್ಲಿ ಕಲ್ಯಾಣ್ ಮತ್ತು ಭಿವಂಡಿಗಳನ್ನು ಹಿಡಿದ. ಮರಾಠಾ ನೌಕಾಬಲದ ಮೊದಲ ಹಡಗುಗಳು ಕಟ್ಟಲ್ಪಟ್ಟಿದ್ದು ಈ ಖಾಡಿಯಲ್ಲಿ. ಒಳನಾಡಿನ ಸಾಗುವಾನಿ ಕೈಗೆಟಕುವಂತಿತ್ತು, ಹೊರಗಿನವರ ಕಣ್ಣಿನಿಂದ ಮರೆಯೂ ಇತ್ತು. ಅಲ್ಲಿ ಮೊದಲಾದ ನೌಕಾಬಲವೇ 1665ರ ಫೆಬ್ರವರಿಯಲ್ಲಿ ಮಾಲವಣದಿಂದ ಹೊರಟು ಇಂದಿನ ಉಡುಪಿ ಜಿಲ್ಲೆಯ ಬಸರೂರನ್ನು ಲೂಟಿ ಮಾಡಿತು. ಗೋಕರ್ಣದಲ್ಲಿ ಶಿವಾಜಿ ತೀರ್ಥಸ್ನಾನ ಮಾಡಿದ, ಬಳಿಕ ಕಾರವಾರದತ್ತ ಸಾಗಿದ. ಈ ದಂಡಯಾತ್ರೆಯಲ್ಲಿ ವಾಯವ್ಯದ ಬಿರುಗಾಳಿ ಹಡಗುಗಳನ್ನು ದಕ್ಷಿಣಕ್ಕೆ ತಳ್ಳಿ, ಎಷ್ಟೋ ದಿನ ಹಿಂದಿರುಗಲು ಬಿಡಲಿಲ್ಲವೆಂದು ಮರಾಠರ ಇತಿಹಾಸ ಬರೆದ ಗ್ರಾಂಟ್ ಡಫ್ ದಾಖಲಿಸುತ್ತಾನೆ. ಈ ಬಗೆಯ ಯುದ್ಧ ಕುಲದೇವತೆಗೆ ಒಪ್ಪಿಗೆಯಿಲ್ಲವೆಂಬುದರ ಸೂಚನೆಯಾಗಿ ಶಿವಾಜಿ ಅದನ್ನು ಕಂಡನಂತೆ. ಮುಂದೆ ಆತ ಸ್ವತಃ ಸಮುದ್ರ ದಂಡಯಾತ್ರೆಗೆ ಇಳಿಯಲಿಲ್ಲ. ದೇವತೆಯ ಮಾತು ಹೇಗೇ ಇರಲಿ, ಫೆಬ್ರವರಿಯಲ್ಲಿ ಉತ್ತರಕ್ಕೆ ಹೋಗುವ ಹಾಯಿಗೆ ವಾಯವ್ಯದ ಗಾಳಿ ಎದುರಾಗುವುದು ಆ ಕರಾವಳಿಯ ಯಾವ ಕಲಾಸಿಗೂ ಹೊಸ ವಿಷಯವಲ್ಲ.

ಆ ಗಾಳಿಯನ್ನು ಗೆಲ್ಲುವ ಉಪಾಯ ವ್ಯಾಪಾರಿ ದೋಣಿಗಳಿಗೆ ಚೆನ್ನಾಗಿ ಗೊತ್ತಿತ್ತು. ಮಂಗಳೂರಿನಿಂದ ಮುಂಬಯಿಗೆ ಸಮುದ್ರದ ದಾರಿ ಸುಮಾರು 700 ಕಿಲೋಮೀಟರ್. ಒಳ್ಳೆಯ ಋತುವಿನಲ್ಲಿ ರಾತ್ರಿಯ ಕೊನೆಯಿಂದ ಬೆಳಗಿನವರೆಗೆ ನೆಲದ ಗಾಳಿ ಹೊರಕ್ಕೆ ಬೀಸುತ್ತದೆ, ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಒಳಕ್ಕೆ. ಪತ್ತೇಮಾರಿ, ಮಂಜಿಗಳೆಂಬ ಹಾಯಿದೋಣಿಗಳು ಬೆಳಗ್ಗೆ ಹೊರಗೆ ಓಡಿ, ಮಧ್ಯಾಹ್ನ ಓರೆಯಾಗಿ ಒಳಗೆ ಬಂದು, ಹೀಗೆ ಅಂಕುಡೊಂಕಾಗಿ ಉತ್ತರಕ್ಕೆ ಏರುತ್ತಿದ್ದವು. ಕಾರವಾರ, ವೆಂಗುರ್ಲಾ, ಮಾಲವಣ, ದೇವಗಡ, ವಿಜಯದುರ್ಗ, ಜಯಗಡ, ದಾಭೋಳಗಳು ನಡುವಿನ ಆಸರೆಗಳು. ಗಾಳಿ ಜೋರಾದರೆ ಅವುಗಳಲ್ಲಿ ಯಾವುದಾದರೊಂದಕ್ಕೆ ನುಗ್ಗುವುದು, ತಗ್ಗಿದರೆ ಮತ್ತೆ ಹೊರಡುವುದು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ದೋಣಿಗಳಿಗೆ ಭಾರದ, ಒಡೆಯುವ ಸರಕೊಂದು ಸಿಕ್ಕಿತು. ಹಂಚು ತುಂಬಿದ ದೋಣಿಯ ತಂಡೇಲನಿಗೆ ಅವಸರ ಮಾಡುವ ಮನಸ್ಸು ಬರುವುದು ಕಷ್ಟ. ಹಂಚು ನಾಲ್ಕು ದಿನ ತಡವಾದರೆ ಕೆಡುವುದಿಲ್ಲ, ಒಂದು ಅಲೆಗೆ ಸರಿದುಕೊಂಡರೆ ದೋಣಿಯನ್ನೇ ವಾಲಿಸುತ್ತದೆ.

ಹೊರಡಬೇಕೋ ಉಳಿಯಬೇಕೋ ಎಂಬ ತೀರ್ಮಾನಕ್ಕೆ ಇಂದಿಗೂ ಮೂರು ಸಾಕ್ಷಿಗಳು. ಮೊದಲನೆಯದು ಗಾಳಿಯಿಲ್ಲದೆಯೇ ಬರುವ ಉದ್ದದ ಅಲೆ. ನೂರಾರು ಕಿಲೋಮೀಟರ್ ಆಚೆ ಎದ್ದ ಚಂಡಮಾರುತಕ್ಕಿಂತ ಅದರ ಅಲೆ ಮುಂಚಿತವಾಗಿ ದಡಕ್ಕೆ ಬರುತ್ತದೆ. ಎರಡನೆಯದು ವಾಯುಭಾರಮಾಪಕ. ನಮ್ಮ ಅಕ್ಷಾಂಶಗಳಲ್ಲಿ ಒತ್ತಡ ದಿನಕ್ಕೆ ಎರಡು ಸಲ, ಹತ್ತು ಗಂಟೆಗಳ ಸುಮಾರಿಗೆ ಏರಿ ನಾಲ್ಕು ಗಂಟೆಗಳ ಸುಮಾರಿಗೆ ಇಳಿಯುವುದು ಸಹಜ. ಈ ತಾಳ ತಪ್ಪಿ, ಆ ಹೊತ್ತಿಗೆ ಇರಬೇಕಾದ್ದಕ್ಕಿಂತ ಮೂರು ಮಿಲಿಬಾರ್ ಕೆಳಗಿಳಿದರೆ ಚಂಡಮಾರುತದ ಅನುಮಾನ, ಐದು ಇಳಿದರೆ ಬಹುತೇಕ ಖಚಿತ ಎಂಬುದು ನಾವಿಕರ ಹಳೆಯ ಸೂತ್ರ. ಮೂರನೆಯದು ಬಂದರಿನ ಸಿಗ್ನಲ್. 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆ ಕೊಡುವ ಸೂಚನೆಯಂತೆ ಬಂದರುಗಳಲ್ಲಿ ಹಗಲು ಶಂಕು, ಕೊಳವೆ ಆಕಾರಗಳನ್ನೂ ರಾತ್ರಿ ಕೆಂಪು, ಬಿಳಿ ದೀಪಗಳನ್ನೂ ಏರಿಸುವ ಪದ್ಧತಿ ಬಂತು. ಒಟ್ಟು 11 ಸಿಗ್ನಲ್‌ಗಳು. 1 ಮತ್ತು 2 ದೂರದ ಸಮುದ್ರದ ವಿಷಯ. 3 ಬಂದರಿಗೇ ಬಿರುಸು ಗಾಳಿಯ ಎಚ್ಚರಿಕೆ, ಕರಾವಳಿಯ ಪತ್ರಿಕೆಗಳಲ್ಲಿ ಅತಿ ಹೆಚ್ಚು ಕಾಣುವುದೂ ಇದೇ. 5ರಿಂದ ಮೇಲೆ ಅಪಾಯ, 8ರಿಂದ 10 ಮಹಾ ಅಪಾಯ. ಹನ್ನೊಂದನೆಯದು ಹವಾಮಾನ ಕಚೇರಿಯ ಜೊತೆ ಸಂಪರ್ಕವೇ ಕಡಿದಿದೆ ಎಂದು ಸಾರುತ್ತದೆ.

ಅರಬ್ಬಿ ಸಮುದ್ರದ ಚಂಡಮಾರುತಗಳು ಹೆಚ್ಚಾಗಿ ಏಳುವುದು ಮೇ–ಜೂನ್‌ನಲ್ಲಿ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಅಂದರೆ ಒಳ್ಳೆಯ ಋತುವಿನ ಎರಡು ತುದಿಗಳಲ್ಲಿ. ಕೊನೆಯದೊಂದು ಬಾಡಿಗೆ ಮುಗಿಸಿಬಿಡೋಣ, ಎಲ್ಲರಿಗಿಂತ ಮೊದಲು ಹೊರಟುಬಿಡೋಣ ಎಂಬ ಆಸೆ ಹುಟ್ಟುವ ಕಾಲವೂ ಅದೇ. 1888ರ ನವೆಂಬರ್‌ನಲ್ಲಿ ಕಛ್‌ನ ಮಾಂಡವಿಯಿಂದ ಮುಂಬಯಿಗೆ ಹೊರಟ ‘ವೈತರಣ’ ಸ್ಟೀಮರ್, ಹವಾಮಾನ ಕೆಟ್ಟಿದ್ದರಿಂದ ಪೋರಬಂದರಿನಲ್ಲಿ ನಿಲ್ಲದೆ ಮುಂದಕ್ಕೆ ಸಾಗಿತು. 700ಕ್ಕೂ ಹೆಚ್ಚು ಜನರಿದ್ದ ಹಡಗಿನ ಒಂದು ತುಂಡು ಮರವೂ ಸಿಗಲಿಲ್ಲ. 1947ರ ಜುಲೈ 17ರಂದು, ನಡು ಮಳೆಗಾಲದಲ್ಲಿ, ಮುಂಬಯಿಯಿಂದ ರೇವಸ್‌ಗೆ ಹೊರಟ ‘ರಾಮದಾಸ್’ ಬಂದರಿನಿಂದ ಕೆಲವೇ ಮೈಲಿ ದಾಟುವಷ್ಟರಲ್ಲಿ ಮಗುಚಿ 600ಕ್ಕೂ ಹೆಚ್ಚು ಜನ ಸತ್ತರು. ಅದು ಒಂದೂವರೆ ತಾಸಿನ ಪ್ರಯಾಣ. ಸಣ್ಣ ದಾರಿಯಲ್ಲಿ ಕಾಯುವ ತಾಳ್ಮೆ ದೊಡ್ಡ ದಾರಿಗಿಂತ ಬೇಗ ಕಳೆದುಹೋಗುತ್ತದೆ.

ಬಂದರು ಸೇರಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಥಾಣೆ ಖಾಡಿಯಂಥ ಜಾಗದಲ್ಲಿ ಲಂಗರಿನ ಹಗ್ಗವನ್ನು ಇಳಿತದ ಆಳಕ್ಕೆ ಅಳೆದು ಬಿಟ್ಟವನು ಮಧ್ಯರಾತ್ರಿ ಏಳಬೇಕಾಗುತ್ತದೆ. ಇಳಿತದಲ್ಲಿ ಮೂರು ಮೀಟರ್ ಇದ್ದ ನೀರು ಆರು ಗಂಟೆಯಲ್ಲಿ ಆರೂವರೆಯಾಗುತ್ತದೆ. ಬಿರುಗಾಳಿಗೆ ಆಳದ ಏಳು ಪಟ್ಟು ಹಗ್ಗ ಬೇಕೆಂದರೆ ಇಳಿತದ ಲೆಕ್ಕದಲ್ಲಿ 21 ಮೀಟರ್, ಉಬ್ಬರದ ಲೆಕ್ಕದಲ್ಲಿ 45.5. ಹಗ್ಗ ಕಡಿಮೆಯಾದರೆ ದೋಣಿ ಲಂಗರನ್ನು ಮೇಲಕ್ಕೆ ಎಳೆದು ಕೆಸರಿನಿಂದ ಕಿತ್ತುಬಿಡುತ್ತದೆ. ಹೆಚ್ಚಾದರೆ ಪಕ್ಕದ ದೋಣಿಗೆ ಬಡಿಯುತ್ತದೆ. ನೀರಿನ ಸೆಳೆತ ದಿನಕ್ಕೆ ನಾಲ್ಕು ಸಲ ದಿಕ್ಕು ಬದಲಿಸುವುದರಿಂದ ಉಬ್ಬರದ ಕಡೆಗೊಂದು, ಇಳಿತದ ಕಡೆಗೊಂದು ಎಂದು ಎರಡು ಲಂಗರು ಬಿಡುವುದು ರೂಢಿ. ಎರಡು ಹಗ್ಗಗಳು ಹೆಣೆದುಕೊಳ್ಳದಂತೆ ನೋಡುವುದು ಇನ್ನೊಂದು ಕೆಲಸ. ಹಗ್ಗ ಹಲಗೆಗೆ ಉಜ್ಜುವ ಕಡೆ ಗೋಣಿ ಸುತ್ತಬೇಕು. ಬಿರುಗಾಳಿಯಲ್ಲಿ ಹಗ್ಗ ಕಡಿಯುವುದು ನಡುವಿನಲ್ಲಲ್ಲ, ಅಲ್ಲಿ.

ಇಡೀ ಮಳೆಗಾಲದ ತಂಗುವಿಕೆಯ ರೂಪ ಬೇರೆ. ನವಿ ಮುಂಬಯಿಯ ಬೇಲಾಪುರದ ಎತ್ತರದ ಕಚೇರಿಗಳ ಬುಡದಲ್ಲಿರುವ ದಿವಾಳೆ ಕೋಳಿವಾಡ, ವಾಶಿಯ ಕೋಳಿವಾಡ, ಥಾಣೆಯ ಚೆಂದಣಿ ಕೋಳಿವಾಡಗಳು ಈ ನೀರಿನ ಮೂಲ ಜನರ ಊರುಗಳು. ಅಮಾವಾಸ್ಯೆಯದೋ ಹುಣ್ಣಿಮೆಯದೋ ಅತಿ ಎತ್ತರದ ಉಬ್ಬರ ನೋಡಿಕೊಂಡು ಮರದ ದೋಣಿಯನ್ನು ಸಾಧ್ಯವಾದಷ್ಟು ಮೇಲಕ್ಕೆ ತರುತ್ತಾರೆ. ನೀರು ಇಳಿದಂತೆ ಅದು ಕೆಸರಿನ ಮೇಲೆ ಕೂರುತ್ತದೆ. ವಾಲದಂತೆ ಎರಡೂ ಪಕ್ಕಕ್ಕೆ ಮರದ ಊರೆಗೋಲು ಕೊಡುತ್ತಾರೆ. ಎಂಜಿನ್ ಬಿಚ್ಚಿ ಒಳಗಿಡುವುದು, ಬಲೆಯನ್ನು ಜಗುಲಿಯಲ್ಲಿ ಹರವಿ ಕಣ್ಣು ಹರಿದಲ್ಲಿ ಹೆಣೆಯುವುದು, ಹಲಗೆಯ ಸಂದಿನಲ್ಲಿ ಹತ್ತಿ ತುರುಕುವುದು ಎಲ್ಲವೂ ಪ್ಲಾಸ್ಟಿಕ್ ತಾಡಪತ್ರಿಯ ಕೆಳಗೆ. ಹಿಂದಿನ ಹಾಯಿದೋಣಿಗಳ ತಳಕ್ಕೆ ಸುಣ್ಣ ಮತ್ತು ಕೊಬ್ಬು ಕಲಸಿದ ಲೇಪ, ಮೇಲ್ಭಾಗಕ್ಕೆ ಮೀನೆಣ್ಣೆ. ಹಲಗೆ ಕೊರೆಯುವ ಹುಳುವಿಗೆ ಅದೇ ಮದ್ದು. ಕಲಾಸಿಗಳ ವರ್ಷದ ಲೆಕ್ಕ ಚುಕ್ತಾ ಆಗುವುದು ಮತ್ತು ಮುಂದಿನ ವರ್ಷದ ಮುಂಗಡ ಕೈಸೇರುವುದು ಈ ದಿನಗಳಲ್ಲೇ. ಸಾಲವೂ ಈ ದಿನಗಳದ್ದೇ. ಕಾಯುವಾಗಲೂ ಹೊಟ್ಟೆ ಕಾಯುವುದಿಲ್ಲ.

ಮುಂಬಯಿಯ ಕನ್ನಡಿಗರ ಬದುಕಿಗೂ ಈ ಋತುವಿನ ಬೇಲಿ ತಗುಲಿತ್ತು. ಕನ್ನಡ ಕರಾವಳಿಯ ಮೀನುಗಾರ ಸಮುದಾಯದ ಸಂಘವಾದ ಮೊಗವೀರ ವ್ಯವಸ್ಥಾಪಕ ಮಂಡಳಿ ಮುಂಬಯಿಯಲ್ಲಿ ಹುಟ್ಟಿದ್ದು 1902ರಲ್ಲಿ. ಆ ಕಾಲದಲ್ಲಿ ದಕ್ಷಿಣ ಕನ್ನಡದಿಂದ ಮುಂಬಯಿಗೆ ಬರುವವರಿಗೆ ಕರಾವಳಿಯ ಹಡಗು ಒಂದು ಮುಖ್ಯ ದಾರಿ, ಮಳೆಗಾಲದಲ್ಲಿ ಅದು ಬಂದ್. ಊರಿಗೆ ಹೋಗಿ ಬರುವುದೆಲ್ಲ ಮೇ ತಿಂಗಳೊಳಗೆ ಅಥವಾ ಚೌತಿಯ ನಂತರ. ಇಲ್ಲವೆಂದರೆ ಘಟ್ಟ ಹತ್ತಿ ಸುತ್ತು ಬಳಸಿನ ಹಾದಿ. ಡೊಂಬಿವಲಿ, ಥಾಣೆ, ವಾಶಿಗಳಲ್ಲಿ ನೆಲೆಸಿದ ಇಂದಿನ ಪೀಳಿಗೆಗೆ ಆ ಬೇಲಿ ತಪ್ಪಿದ್ದು ರಸ್ತೆ ಸುಧಾರಿಸಿ, 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ.

ಈಗಿನ ಕಡಲಿನಲ್ಲಿ ಕಾಯುವ ನಿಯಮ ದೋಣಿಯ ಗಾತ್ರವನ್ನು ನೋಡಿ ಬದಲಾಗುತ್ತದೆ. ಚಂಡಮಾರುತ ಬಂದರಿನತ್ತ ಬರುತ್ತಿದ್ದರೆ ದೊಡ್ಡ ಹಡಗುಗಳಿಗೆ ಹೊರಗೆ ಹೋಗಿ ಎಂದೇ ಆದೇಶ. ದಕ್ಕೆಗೆ ಕಟ್ಟಿದ ಹಡಗು ಗೋಡೆಗೆ ಬಡಿದು ಎರಡೂ ಹಾಳಾಗುತ್ತವೆ, ತೆರೆದ ಕಡಲಲ್ಲಿ ಎಂಜಿನ್ ಬಲದಿಂದ ಅಲೆಗೆ ಮುಖ ಕೊಟ್ಟು ನಿಲ್ಲಬಹುದು. ಸಣ್ಣ ದೋಣಿಗಳಿಗೆ ಇದಕ್ಕೆ ತದ್ವಿರುದ್ಧ, ಒಳಗೆ ಬನ್ನಿ ಎಂದು. ನಡುವಿನವರ ಪಾಡು ಕಷ್ಟ. 2020ರ ಜೂನ್ 3ರಂದು ‘ನಿಸರ್ಗ’ ಚಂಡಮಾರುತ ಅಲಿಬಾಗ್ ಬಳಿ ದಡಕ್ಕೆ ಅಪ್ಪಳಿಸಿದಾಗ ರತ್ನಾಗಿರಿಯ ಮಿರ್ಯಾ ದಡಕ್ಕೆ ‘ಬಸ್ರಾ ಸ್ಟಾರ್’ ಎಂಬ ಹಡಗು ಬಂದು ಸಿಕ್ಕಿಕೊಂಡಿತು. 2021ರ ಮೇ 17ರಂದು ‘ತೌಕ್ತೆ’ ಚಂಡಮಾರುತದ ಗಾಳಿ ಮುಂಬಯಿಯ ಕೊಲಾಬಾದಲ್ಲಿ ಗಂಟೆಗೆ 114 ಕಿ.ಮೀ. ವೇಗ ಮುಟ್ಟಿತು. ತೈಲ ಬಾವಿಗಳ ಬಳಿ ಲಂಗರು ಕಳಚಿ ತೇಲಿಹೋದ ‘ಪಿ–305’ ಬಾರ್ಜ್ ಮುಳುಗಿ 70ಕ್ಕೂ ಹೆಚ್ಚು ಮಂದಿ ಸತ್ತರು. ಅದೇ ತೂಫಾನಿನಲ್ಲಿ ಮಂಗಳೂರಿನ ಹೊರಗಿದ್ದ ‘ಕೋರಮಂಡಲ್ ಸಪೋರ್ಟರ್’ ಟಗ್ ಮೂಲ್ಕಿಯ ಬಂಡೆಗಳಿಗೆ ಸಿಕ್ಕಿಕೊಂಡು, ಒಳಗಿದ್ದ ಒಂಬತ್ತು ಜನರನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ಪಾರುಮಾಡಿದವು.

ಸಮಯಕ್ಕೆ ಒಳಗೆ ಬಂದವರ ಕಥೆ ಅಷ್ಟು ಸುದ್ದಿಯಾಗುವುದಿಲ್ಲ. 2017ರ ಡಿಸೆಂಬರ್‌ನಲ್ಲಿ ‘ಓಖಿ’ ಬೀಸುತ್ತಿದ್ದಾಗ ಕೇರಳ, ತಮಿಳುನಾಡುಗಳ 60ಕ್ಕೂ ಹೆಚ್ಚು ದೋಣಿಗಳು ಸುಮಾರು 950 ಮೀನುಗಾರರೊಂದಿಗೆ ಮಹಾರಾಷ್ಟ್ರದ ದೇವಗಡ ಸೇರಿದವು. 2019ರ ಅಕ್ಟೋಬರ್‌ನಲ್ಲಿ ‘ಕ್ಯಾರ್’ ಬಂದಾಗ ಬೇರೆ ಬೇರೆ ರಾಜ್ಯಗಳ ದೋಣಿಗಳು ಕಾರವಾರದ ಬಂದರಿನಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತವು. ಮೀನಿನ ಹಕ್ಕಿಗಾಗಿ ಗಡಿಯಲ್ಲಿ ಜಗಳವಾಡುವ ರಾಜ್ಯಗಳ ದೋಣಿಗಳೇ ಇವು. ತೂಫಾನಿನ ದಿನ ಮಾತ್ರ ಯಾವ ಬಂದರೂ ಅವುಗಳನ್ನು ತಡೆಯುವುದಿಲ್ಲ.

ಥಾಣೆ, ಕಲ್ಯಾಣಗಳ ಖಾಡಿ ಆಸರೆ ಕೊಡುವ ಬಂದರುಗಳ ಈ ಪಟ್ಟಿಯಿಂದ ಹೊರಗುಳಿದದ್ದು ಹಂತ ಹಂತವಾಗಿ. 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಥಾಣೆಗೆ, 1854ರ ಮೇ 1ರಂದು ಕಲ್ಯಾಣಕ್ಕೆ ರೈಲು ಬಂತು. ಸರಕು ಹಳಿಗೆ ಹೋಯಿತು. ಖಾಡಿಯ ಮೇಲೆ ರೈಲು ಸೇತುವೆ, 1970ರ ದಶಕದ ಆರಂಭದಲ್ಲಿ ವಾಶಿಯ ರಸ್ತೆ ಸೇತುವೆ, ಆಮೇಲೆ ಐರೋಲಿಯದು, ವಾಶಿಗೆ ಇನ್ನೊಂದು. ಎತ್ತರದ ಕೂವೆಮರದ ದೋಣಿಗೆ ತಗ್ಗಿನ ಸೇತುವೆಯೆಂದರೆ ಮುಚ್ಚಿದ ಬಾಗಿಲು. ನೀರಿನ ವೇಗ ತಗ್ಗಿದಲ್ಲಿ ಹೂಳು ಕೂತಿತು, ಕೂತ ಹೂಳಿನ ಮೇಲೆ ಕಾಂಡ್ಲಾ ಬೆಳೆಯಿತು. ಡೊಂಬಿವಲಿಯ ರೇತಿಬಂದರ್, ಕಲ್ಯಾಣದ ದುರ್ಗಾಡಿ ಕೋಟೆಯ ಕೆಳಗಿನ ದಡಗಳಲ್ಲಿ ಹಳೆಯ ಬಂದರಿನದಾಗಿ ಉಳಿದಿರುವುದು ಹೆಚ್ಚಾಗಿ ಹೆಸರು. 1989ರಲ್ಲಿ ಖಾಡಿಯ ಬಾಯಿಯ ಬಳಿ ಶುರುವಾದ ಜವಾಹರಲಾಲ್ ನೆಹರೂ ಬಂದರು ಬೇರೆಯೇ ಜಗತ್ತು. ಅಲ್ಲಿನ ಕಂಟೇನರ್ ಹಡಗಿಗೆ ಖಾಡಿಯ ಕೆಸರಿನ ಹಂಗಿಲ್ಲ. 2022ರ ಫೆಬ್ರವರಿಯಲ್ಲಿ ಬೇಲಾಪುರದಿಂದ ವಾಟರ್ ಟ್ಯಾಕ್ಸಿ ಶುರುವಾಯಿತು. ಗೇಟ್‌ವೇ ಆಫ್ ಇಂಡಿಯಾದಿಂದ ಮಾಂಡವಾಕ್ಕೆ ಹೋಗುವ ಫೆರಿಗಳು ಮಾತ್ರ ಮೊದಲಿನಂತೆಯೇ ಮೇ ಕೊನೆಗೆ ನಿಂತು ಆಗಸ್ಟ್ ಮುಗಿದ ಮೇಲೆ ಓಡುತ್ತವೆ.

ಕಾಯುವಿಕೆ ಎಂದು ಮುಗಿಯಬೇಕೆಂಬುದಕ್ಕೆ ಈಗ ಮೂರು ಲೆಕ್ಕಗಳಿವೆ, ಮೂರೂ ಸದಾ ಕೂಡಿಬರುವುದಿಲ್ಲ. ಯಾಂತ್ರಿಕ ಮೀನುಗಾರಿಕೆಗೆ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧ. ಅದು ಮೀನಿನ ಸಂತಾನಕ್ಕೆಂದು ಹಾಕಿದ ಗೆರೆ, ಗಾಳಿಗೆಂದಲ್ಲ. ಕೋಳಿವಾಡಗಳ ಕೋಳಿ ಸಮುದಾಯದ ಮೀನುಗಾರರ ಲೆಕ್ಕ ಶ್ರಾವಣದ ನಾರಳಿ ಹುಣ್ಣಿಮೆ, ಆ ದಿನ ಖಾಡಿಗೆ ತೆಂಗಿನಕಾಯಿ ಅರ್ಪಿಸಿ ದೋಣಿ ಇಳಿಸುವುದು. ಅದೇ ನೂಲ ಹುಣ್ಣಿಮೆಯಂದು ಕರ್ನಾಟಕದ ಕರಾವಳಿಯಲ್ಲಿ ಸಮುದ್ರಪೂಜೆ. ಅಧಿಕ ಮಾಸ ಬಂದರೆ ಈ ಹುಣ್ಣಿಮೆ ದೂರ ಸರಿಯುತ್ತದೆ. 2023ರಲ್ಲಿ ಅದು ಆಗಸ್ಟ್ 30ಕ್ಕೆ ಬಂದಿತ್ತು, 2025ರಲ್ಲಿ ಆಗಸ್ಟ್ 8ಕ್ಕೇ. ಮೂರನೆಯದು ಹವಾಮಾನ ಇಲಾಖೆಯ ದಿನದಿನದ ಎಚ್ಚರಿಕೆ, ಅದಕ್ಕೆ ಕಾನೂನೂ ಗೊತ್ತಿಲ್ಲ, ತಿಥಿಯೂ ಗೊತ್ತಿಲ್ಲ. ಆಗಸ್ಟ್ 1ಕ್ಕೆ ಐಸು, ಡೀಸೆಲ್ ತುಂಬಿಕೊಂಡು ಹೊರಟ ದೋಣಿಗಳು ಕೆಲವೇ ದಿನಗಳಲ್ಲಿ ಅರ್ಧ ಐಸು ಕರಗಿಸಿಕೊಂಡು ಬಂದರಿಗೆ ಮರಳುವುದು ಹೊಸದೇನಲ್ಲ. ನಿಷೇಧವನ್ನು ಆಗಸ್ಟ್ ಮಧ್ಯದವರೆಗೆ ಎಳೆಯಿರಿ ಎಂದು ಮೀನುಗಾರರೇ ಕೆಲವರು ಕೇಳುತ್ತಿರುವುದು ಇದೇ ಕಾರಣಕ್ಕೆ.